ಉಂಬುಳದ ರಕ್ತ

"ಮುಂದಿನ ವಾರ ಹೋದ್ರೆ ಆಗದಾ?" ಎಂದು ಗೆಳತಿ ಎರಡು ಸಲ ಕೇಳಿದ್ದಳು. ಒಮ್ಮೆ ಫೋನಿನಲ್ಲಿ, ಮತ್ತೊಮ್ಮೆ ಶುಕ್ರವಾರ ರಾತ್ರಿ ವಾಟ್ಸಾಪಿನಲ್ಲಿ. ಯಾಕೆ ಎಂದು ಎರಡು ಸಲವೂ ನಾನು ಕೇಳಲಿಲ್ಲ. ಸೋಣ ತಿಂಗಳು ಮುಗಿಯುತ್ತಾ ಬಂದಿತ್ತು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ರಾಣಿಪುರಂ ಗುಡ್ಡದ ಹುಲ್ಲು ಹಸಿರಾಗಿರುವುದು ಈ ಹೊತ್ತಿನಲ್ಲೇ. ಅದೇ ಭಾನುವಾರ ಕಾಞಂಗಾಡ್ ಪೇಟೆಗೆ ತಾಗಿದ ಹೊಸದುರ್ಗದಲ್ಲಿ ಅವಳ ದೊಡ್ಡಮ್ಮನ ಮನೆಯಲ್ಲಿ ಹೊಸ ಅಕ್ಕಿ ಊಟ ಇತ್ತು, ನನ್ನನ್ನೂ ಕರೆದಿದ್ದರು. ಶನಿವಾರ ಸಂಜೆ ಗುಡ್ಡದ ಬುಡದಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಹತ್ತಿ ಇಳಿದು, ಮಧ್ಯಾಹ್ನ ಊಟಕ್ಕೆ ಸರಿಯಾಗಿ ದೊಡ್ಡಮ್ಮನ ಮನೆ ಸೇರುವುದು ಎಂದು ನಾನು ಲೆಕ್ಕ ಹಾಕಿ ಆಗಿತ್ತು. "ಮುಂದಿನ ವಾರ ನನಗೆ ಪರೀಕ್ಷೆ ಪೇಪರ್ ತಿದ್ದಲಿಕ್ಕೆ ಉಂಟು, ಈ ಸಲವೇ ಹೋಗುವಾ ಮಾರಾಯ್ತಿ" ಎಂದು ಬರೆದೆ. ಅವಳು ಸ್ವಲ್ಪ ಹೊತ್ತು ಬಿಟ್ಟು "ಆಯ್ತು" ಎಂದು ಕಳಿಸಿದಳು.

ನಾವಿಬ್ಬರೂ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಅವಳು ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ನಾನು ಬದಿಯಡ್ಕ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಏನು ಕಲಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಕ್ಕೆ ಕಾರಣ ಇದೆ, ಮುಂದೆ ಬರುತ್ತದೆ.

ಶನಿವಾರ ಅವಳು ಮಂಗಳೂರಿನಿಂದ ಬಂದ ರೈಲನ್ನೇ ನಾನು ಕಾಸರಗೋಡಿನಲ್ಲಿ ಹತ್ತಿದೆ. ಕಾಞಂಗಾಡಿನಲ್ಲಿ ಇಳಿದು ಪಾಣತ್ತೂರಿನ ಬಸ್ಸು ಹಿಡಿದೆವು. ಚಂದ್ರಗಿರಿ ಹೊಳೆ ದಾಟಿದ ಮೇಲೆ ಕಿವಿಗೆ ಬೀಳುವ ಕನ್ನಡ ಕಡಿಮೆಯಾಗುತ್ತಾ ಹೋಗುತ್ತದೆ. ಆ ಬಸ್ಸಿನಲ್ಲಂತೂ ನಾವಿಬ್ಬರು ಮಾತಾಡಿದ್ದು ಬಿಟ್ಟರೆ ಕನ್ನಡವೇ ಇಲ್ಲ. ಆದರೆ ಅದೇ ರಸ್ತೆ ಪಾಣತ್ತೂರು ದಾಟಿ ಗಡಿಯಾಚೆ ಕರಿಕೆಗೆ, ಅಲ್ಲಿಂದ ಭಾಗಮಂಡಲಕ್ಕೆ ಏರುತ್ತದೆ. ಮಾವುಂಗಾಲ್, ಒಡಯಂಚಾಲ್, ರಾಜಪುರಂ ಎಂದು ಊರುಗಳು ದಾಟಿದಂತೆ ತೆಂಗು ಹಿಂದೆ ಸರಿದು ರಬ್ಬರ್ ತೋಟಗಳು ಬಂದವು. ಪನತ್ತಡಿಯಲ್ಲಿ ಇಳಿದು ಜೀಪು ಮಾಡಿದೆವು. ರಾಣಿಪುರಕ್ಕೆ ಹಿಂದೆ ಮಾಡತ್ತುಮಲ ಎಂಬ ಹೆಸರಿತ್ತು. 1970ರ ಹೊತ್ತಿಗೆ ಕೋಟ್ಟಯಂ ಕಡೆಯ ಕ್ರೈಸ್ತ ವಲಸಿಗರು ಬಂದು ನೆಲೆಯೂರಿದ ಮೇಲೆ ಮೇರಿ ಮಾತೆಯನ್ನು ನೆನೆದು ರಾಣಿಪುರಂ ಎಂದು ಕರೆದರು.

ಜೀಪಿನ ಚಾಲಕ ದಾರಿಯಲ್ಲೇ ಎಚ್ಚರಿಸಿದ್ದ: "ನಾಳೆ ಅಟ್ಟ ಇರ್ತದೆ. ಪ್ಯಾಂಟಿನ ಕಾಲನ್ನು ಕಾಲುಚೀಲದ ಒಳಗೆ ಹಾಕಿ. ಉಪ್ಪು ಉಂಟಾ?" ಅಟ್ಟ ಎಂದರೆ ನಮ್ಮ ಉಂಬುಳ. ಪುಸ್ತಕದಲ್ಲಿ ಜಿಗಣೆ ಎಂದು ಬರೆದಿರುತ್ತದೆ, ಮನೆಯಲ್ಲಿ ನಾವು ಉಂಬುಳ ಎಂದೇ ಹೇಳುವುದು. ಉಪ್ಪು ಇತ್ತು, ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಚಿಕ್ಕಂದಿನಲ್ಲಿ ಮಳೆಗಾಲ ಇಡೀ ತೋಟದಲ್ಲಿ ಓಡಾಡಿದವಳು ನಾನು, ಉಂಬುಳ ಕಚ್ಚುವುದು ನನಗೆ ಹೊಸತಲ್ಲ.

ಭಾನುವಾರ ಬೆಳಿಗ್ಗೆ ಅರಣ್ಯ ಇಲಾಖೆಯ ಕೌಂಟರಿನಲ್ಲಿ ಚೀಟಿ ಮಾಡಿಸಿ ಹೊರಟೆವು. ಮೊದಲು ಕಾಡು. ಬಿಸಿಲು ನೆಲಕ್ಕೆ ಇಳಿಯದಷ್ಟು ದಟ್ಟ, ಕಾಲಡಿ ಕೊಳೆತ ಎಲೆ, ಅದರ ಮೇಲೆ ರಾತ್ರಿಯ ಮಳೆ. ಆ ಎಲೆಗಳ ತುದಿಯಲ್ಲಿ ಉಂಬುಳಗಳು ಬಾಲದ ಮೇಲೆ ನಿಂತು, ದಾರದ ತುಂಡಿನ ಹಾಗೆ ಅತ್ತ ಇತ್ತ ಆಡುತ್ತಿದ್ದವು. ನಡೆಯುವ ಕಾಲಿನ ಅದುರು, ಮೈಯ ಬಿಸಿ, ನಾವು ಬಿಡುವ ಉಸಿರು, ಇವುಗಳಿಂದಲೇ ಅವಕ್ಕೆ ಗೊತ್ತಾಗುವುದು. ಹಾಗಾಗಿ ಕಾಡಿನೊಳಗೆ ನಿಂತರೆ ಕೆಟ್ಟಿತು, ನಡೆಯುತ್ತಲೇ ಇರಬೇಕು. ಗೆಳತಿ ಮಾತ್ರ ಮೂರು ಕಡೆ ನಿಂತಳು. ಸೊಂಟಕ್ಕೆ ಕೈ ಇಟ್ಟು, ಉದ್ದಕ್ಕೆ ಉಸಿರು ಬಿಟ್ಟು, "ಐದು ನಿಮಿಷ" ಎಂದಳು. "ಇಲ್ಲಿ ನಿಲ್ಲಬೇಡ, ಹತ್ತುತ್ತವೆ" ಎಂದು ನಾನು ಎಳೆದುಕೊಂಡೇ ಹೋದೆ. ಕಚೇರಿಯಲ್ಲಿ ಕೂತು ಕೂತು ಅಭ್ಯಾಸ ತಪ್ಪಿದೆ ಎಂದುಕೊಂಡೆ. ಅವಳು ಏನೂ ಹೇಳಲಿಲ್ಲ.

ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವ ಜಾಗದಲ್ಲಿ ಇಬ್ಬರೂ ಒಮ್ಮೆ ಸುಮ್ಮನಾದೆವು. ಅಷ್ಟು ಹೊತ್ತು ಕತ್ತಲಲ್ಲಿ ನಡೆದ ಕಣ್ಣಿಗೆ ಒಮ್ಮೆಲೇ ಆಕಾಶ. ಗಾಳಿಗೆ ಹುಲ್ಲು ಒಂದೇ ದಿಕ್ಕಿಗೆ ಮಲಗಿ ಏಳುತ್ತಿತ್ತು. ಪೂರ್ವಕ್ಕೆ ಕೊಡಗಿನ ಬೆಟ್ಟಗಳು ಒಂದರ ಹಿಂದೆ ಒಂದು, ಕೊನೆಯದ್ದು ಯಾವುದು ಮೋಡ ಯಾವುದು ಎಂದು ತಿಳಿಯದ ಹಾಗೆ. ತಲಕಾವೇರಿಯ ಅಭಯಾರಣ್ಯ ಅಲ್ಲೇ ಮಗ್ಗುಲಲ್ಲಿದೆ. ಆನೆಗಳಿಗೆ ರಾಜ್ಯದ ಗಡಿ ಇಲ್ಲವಲ್ಲ, ದಾರಿಯಲ್ಲಿ ಲದ್ದಿ ಕಂಡಿತ್ತು. ಹುಲ್ಲಿನ ಮೇಲೆ ಅರ್ಧ ಗಂಟೆ ಕೂತು, ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ತಿಂದೆವು. ಆಮೇಲೆ ನಡೆದದ್ದಕ್ಕೆಲ್ಲ ಮೂಲ ಆ ಅರ್ಧ ಗಂಟೆಯೇ ಇರಬೇಕು. ಕಾಲನ್ನು ಎಷ್ಟು ಜಾಗ್ರತೆಯಿಂದ ಕಟ್ಟಿಕೊಂಡಿದ್ದೆನೋ, ಕೂರುವಾಗ ಅಷ್ಟೇ ಅಜಾಗ್ರತೆಯಿಂದ ಕೂತಿದ್ದೆ.

ಇಳಿದು ಕೋಣೆಗೆ ಬಂದು ಕಾಲುಚೀಲ ಬಿಚ್ಚಿದಾಗ ನನ್ನ ಕಾಲಲ್ಲಿ ನಾಲ್ಕು, ಅವಳ ಕಾಲಲ್ಲಿ ಎರಡು ಉಂಬುಳ. ಎಳೆದು ಕೀಳಬಾರದು. ಕಚ್ಚಿದ ತುದಿಯ ಹತ್ತಿರ ಚರ್ಮಕ್ಕೆ ಉಗುರು ತಾಗಿಸಿ ಮೆಲ್ಲ ಸರಿಸಿದರೆ ಹಿಡಿತ ಬಿಡುತ್ತದೆ. ಎಲ್ಲವನ್ನೂ ತೆಗೆದು, ಸೋಪು ಹಾಕಿ ತೊಳೆದು, ಒತ್ತಿ ಹಿಡಿದು ಕೂತೆವು. ಉಂಬುಳ ಬಿಟ್ಟ ಮೇಲೂ ಗಾಯ ಗಂಟೆಗಟ್ಟಲೆ ಒಸರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಜೊಲ್ಲಿನಲ್ಲಿದೆ. ಕಚ್ಚುವಾಗ ನೋವೂ ಆಗುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಉದುರಿ ಹೋಗುತ್ತದೆ. ಇದನ್ನೆಲ್ಲ ತರಗತಿಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವವಳಿಗೆ ತನ್ನ ಮೈಯಲ್ಲಿ ಇನ್ನೊಂದು ಇದ್ದಿರಬಹುದು ಎಂದು ಹೊಳೆಯಲಿಲ್ಲ. ಸ್ನಾನದ ಕೋಣೆಯಲ್ಲಿ ಬೆಳಕು ಕಡಿಮೆ, ಕನ್ನಡಿ ಇರಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಎಂದು ತರಾತುರಿಯಲ್ಲಿ ಮಿಂದು, ಊಟದ ಮನೆಗೆಂದೇ ತಂದಿದ್ದ ಕೆನೆಬಣ್ಣದ ಚೂಡಿದಾರ ಹಾಕಿಕೊಂಡೆ. ಗೆಳತಿ ಕಪ್ಪು ಪ್ಯಾಂಟು ಹಾಕಿಕೊಂಡಿದ್ದಳು. "ಹಬ್ಬದೂಟಕ್ಕೆ ಕಪ್ಪಾ?" ಎಂದು ಕೇಳಿದೆ. "ಇರಲಿ" ಎಂದಳು.

ಪನತ್ತಡಿಯಲ್ಲಿ ಬಸ್ಸು ಸಿಕ್ಕಿದಾಗ ಹನ್ನೊಂದು ದಾಟಿತ್ತು. ಮುಂದೆ ಹೆಂಗಸರ ಸೀಟಿನಲ್ಲಿ ಜಾಗ ಇತ್ತು, ಇಬ್ಬರೂ ಕೂತೆವು. ಸ್ವಲ್ಪ ದೂರ ಹೋದ ಮೇಲೆ ತೊಡೆಯ ಹಿಂದೆ ತೇವ ಅನಿಸಿತು. ರೆಕ್ಸಿನ್ ಸೀಟು, ಮಳೆಗಾಲದ ಸೆಕೆ, ಬೆವರು ಎಂದುಕೊಂಡು ಸರಿದು ಕೂತೆ. ರಾಜಪುರಂನಲ್ಲಿ ಒಬ್ಬಳು ತಾಯಿ ಮಗುವನ್ನು ಎತ್ತಿಕೊಂಡು ಹತ್ತಿದಳು. ನಾನು ಎದ್ದು ಜಾಗ ಬಿಟ್ಟೆ.

ಅವಳು ಕೂರಲಿಲ್ಲ. ಸೀಟನ್ನು ನೋಡಿದಳು, ನನ್ನನ್ನು ನೋಡಿದಳು, ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದಳು. ಹಿಂದಿನ ಸೀಟಿನಲ್ಲಿದ್ದ ಹುಡುಗಿಯರು ಮಾತು ನಿಲ್ಲಿಸಿದರು. ನಾನು ತಿರುಗಿ ನೋಡಿದೆ. ಹಸಿರು ರೆಕ್ಸಿನ್ ಮೇಲೆ ಅಂಗೈ ಅಗಲದ ರಕ್ತ. ಕೈ ಹಿಂದೆ ಹೋಯಿತು, ಬೆರಳು ಒದ್ದೆಯಾಯಿತು.

ಆ ಕೆಲವು ಕ್ಷಣ ಬಸ್ಸು ಹೇಗಿತ್ತು ಎಂದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲರೂ ಕಂಡವರೇ, ಯಾರೂ ನೋಡುತ್ತಿರಲಿಲ್ಲ. ಗಂಡಸರು ಕಿಟಕಿಯ ಹೊರಗೆ ಮುಖ ಹಾಕಿದರು. ಬಾಗಿಲ ಹತ್ತಿರ ನಿಂತಿದ್ದ ಹುಡುಗ ಮೊಬೈಲಿಗೆ ತಲೆ ತಗ್ಗಿಸಿದ. ಕಂಡಕ್ಟರ್ ಟಿಕೆಟ್ ಕೊಡುತ್ತಾ ನಮ್ಮ ಸೀಟಿನವರೆಗೆ ಬಂದವನು ಅಲ್ಲಿಂದಲೇ ತಿರುಗಿ ಹಿಂದೆ ಹೋದ. ಮತ್ತೆ ಬಂದಾಗ ಕೈಯಲ್ಲಿ ಹಳೆಯ ಪೇಪರ್ ಇತ್ತು. ಅದನ್ನು ನನ್ನ ಕೈಗೆ ಕೊಡದೆ ಸೀಟಿನ ಅಂಚಿನಲ್ಲಿ ಇಟ್ಟು ಹೋದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅಸಹ್ಯವೂ ಇರಲಿಲ್ಲ. ನನ್ನಷ್ಟೇ ನಾಚಿಕೆ ಅವನಿಗೂ ಆಗಿತ್ತು.

ಕಿವಿ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಗೆಳತಿ ಎದ್ದು ನನ್ನ ಬೆನ್ನಿಗೆ ಅಡ್ಡ ನಿಂತಳು. ತಾರೀಕು ಲೆಕ್ಕ ಹಾಕಿದೆ, ನನಗೆ ಇನ್ನೂ ಹತ್ತು ದಿನ ಇತ್ತು. ಆಗ ತೊಡೆಯ ಹಿಂದೆ ಸಣ್ಣ ತುರಿಕೆ ಗೊತ್ತಾಯಿತು. ಬಟ್ಟೆಯ ಮೇಲಿನಿಂದ ಮುಟ್ಟಿದೆ. ಉಂಬುಳ ಕಚ್ಚಿದ ಜಾಗ ಎಂದು ತಕ್ಷಣ ತಿಳಿಯಿತು. ತಿಳಿದದ್ದೇ, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದೆ:

"ಅಟ್ಟಯಾಣ್! ಅಟ್ಟ ಕಡಿಚ್ಚದಾಣ್! ವೇರೆ ಒನ್ನುಮಲ್ಲ!"

ಉಂಬುಳ. ಉಂಬುಳ ಕಚ್ಚಿದ್ದು. ಬೇರೆ ಏನೂ ಅಲ್ಲ.

ಒಂದು ಮಾತಿಗೆ ಬಸ್ಸು ಹೇಗೆ ಬದಲಾಯಿತು ಎಂದರೆ, ಕಿಟಕಿಗೆ ಮುಖ ಹಾಕಿದ್ದವರೆಲ್ಲ ತಿರುಗಿದರು. "ರಾಣಿಪುರಕ್ಕೆ ಹೋಗಿದ್ದಿರಾ?" ಎಂದು ಒಬ್ಬರು. "ಸುಣ್ಣ ಹಚ್ಚಬೇಕು" ಎಂದು ಇನ್ನೊಬ್ಬರು. ಹೊಗೆಸೊಪ್ಪಿನ ನೀರಲ್ಲಿ ಕಾಲುಚೀಲ ನೆನೆಸಿ ಒಣಗಿಸಿ ಹಾಕಿಕೊಂಡರೆ ಹತ್ತಿರ ಬರುವುದಿಲ್ಲ ಎಂದು ಹಿಂದಿನಿಂದ ಒಂದು ದನಿ. ಕಂಡಕ್ಟರ್ ಹತ್ತಿರ ಬಂದು, ತನ್ನ ನೀರಿನ ಬಾಟಲಿ ಕೊಟ್ಟು, ತಾನೇ ಪೇಪರ್ ಎತ್ತಿಕೊಂಡು ಸೀಟು ಒರೆಸಿದ. ಮಗುವಿನ ತಾಯಿ ಮುಗುಳ್ನಕ್ಕು ಅದೇ ಸೀಟಿನಲ್ಲಿ ಕೂತಳು. ಒಂದು ನಿಮಿಷದ ಹಿಂದೆ ಮುಟ್ಟಲಾಗದಿದ್ದ ಸೀಟು ಅದು. ರಕ್ತವೂ ಅದೇ, ಮೈಯೂ ಅದೇ, ಜಾಗ ಮಾತ್ರ ನಾಲ್ಕು ಬೆರಳು ಆಚೆ. ನನಗೆ ಆ ಹೊತ್ತಿಗೆ ಇದಾವುದೂ ಕಾಣಲಿಲ್ಲ. ಬದುಕಿದೆ ಎನ್ನುವಷ್ಟು ಹಗುರಾಗಿ, ಎಲ್ಲರಿಗೂ ಉತ್ತರ ಕೊಡುತ್ತಾ ನಿಂತಿದ್ದೆ.

ಒಬ್ಬರು ಮಾತ್ರ ಉಂಬುಳದ ಮಾತಿಗೆ ಸೇರಲಿಲ್ಲ. ನಮ್ಮ ಹಿಂದಿನ ಸೀಟಿನಲ್ಲಿದ್ದ ಅರುವತ್ತು ದಾಟಿದ ಹೆಂಗಸು. ರಬ್ಬರ್ ಹಾಲಿನ ಕಲೆ ಹಿಡಿದ ಕೈ. ನಾನು ಕೂಗುವ ಮೊದಲೇ ಅವರು ಹೆಗಲ ಮೇಲಿನ ತೋರ್ತನ್ನು, ಆ ತೆಳು ಟವೆಲನ್ನು, ಬಿಡಿಸಿ ಕೈಯಲ್ಲಿ ಹಿಡಿದುಕೊಂಡಿದ್ದರು. ಈಗ ಎದ್ದು ಬಂದು, ಅದನ್ನು ನನ್ನ ಸೊಂಟಕ್ಕೆ ಸುತ್ತಿ, ಮುಂದೆ ಗಂಟು ಹಾಕಿದರು. ನಾನು ಮತ್ತೊಮ್ಮೆ "ಅಟ್ಟಯಾಣ್ ಅಮ್ಮೇ" ಎಂದೆ. ಅವರು ಗಂಟು ಬಿಗಿ ಮಾಡುತ್ತಾ ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು:

"ಮಟ್ಟೇದಾಣೆಂಗಿಲುಂ ಎಂದಾ ಮೋಳೇ?"

ಅದೇ ಆಗಿದ್ದರೂ ಏನೀಗ ಮಗಳೇ?

ನನ್ನ ಪಕ್ಕದಲ್ಲಿದ್ದ ಗೆಳತಿಗೂ ಅದು ಕೇಳಿಸಿತು. ಅವಳು ಆ ಅಮ್ಮನ ಮುಖವನ್ನೇ ನೋಡುತ್ತಾ ನಿಂತಳು. ಒಡಯಂಚಾಲಿನಲ್ಲಿ ಅವರು ಇಳಿದು ಹೋದರು. ತೋರ್ತು ಬಿಚ್ಚಿ ಕೊಡಲು ಹೋದರೆ ಕೈ ಅಲ್ಲಾಡಿಸಿಬಿಟ್ಟರು. ಹೆಸರನ್ನೂ ಕೇಳಲಿಲ್ಲ ನಾನು.

ಕಾಞಂಗಾಡಿನಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ನೋಡಿದಾಗ ಗಾಯ ಎಳ್ಳಿನಷ್ಟು. ಅಷ್ಟರಿಂದ ಇಷ್ಟು ರಕ್ತ, ಇನ್ನೂ ಜಿನುಗುತ್ತಿತ್ತು. ಒತ್ತಿ ಹಿಡಿಯಲು ಕರವಸ್ತ್ರ ಸಾಲಲಿಲ್ಲ. ಬಾಗಿಲಿನ ಹೊರಗೆ ನಿಂತಿದ್ದ ಗೆಳತಿ ಬ್ಯಾಗಿನಿಂದ ಒಂದು ಪ್ಯಾಡ್ ತೆಗೆದು ಬಾಗಿಲ ಮೇಲಿನಿಂದ ಕೊಟ್ಟಳು. "ಇದನ್ನು ಇಟ್ಟು ದುಪ್ಪಟ್ಟಾದಲ್ಲಿ ಕಟ್ಟು, ಬೇಗ ನಿಲ್ತದೆ." ಗಾಯಕ್ಕೆ ಅದಕ್ಕಿಂತ ಒಳ್ಳೆಯ ಬ್ಯಾಂಡೇಜು ಸಿಗುತ್ತಿರಲಿಲ್ಲ. ಅವಳ ಬ್ಯಾಗಿನಲ್ಲಿ ಅದು ಯಾಕಿತ್ತು ಎಂದು ಆಗಲೂ ನಾನು ಯೋಚಿಸಲಿಲ್ಲ. ಹೆಂಗಸರ ಬ್ಯಾಗಿನಲ್ಲಿ ಇರುತ್ತದೆ, ಅಷ್ಟೆ.

ಬೆಳಗಿನ ಕೆಸರು ಹಿಡಿದ ಪ್ಯಾಂಟನ್ನೇ ಮತ್ತೆ ಹಾಕಿಕೊಂಡು ಹೊರಗೆ ಬಂದೆ. ಎದುರಿನ ಮೆಡಿಕಲ್‌ನಲ್ಲಿ ಹತ್ತಿ, ಪ್ಲಾಸ್ಟರ್, ಗಾಯಕ್ಕೆ ಹಚ್ಚುವ ಔಷಧ ತೆಗೆದುಕೊಂಡೆ. ಗೆಳತಿ "ನನಗೊಂದು ಪ್ಯಾಡ್ ಪ್ಯಾಕೆಟ್" ಎಂದಳು. ಅಂಗಡಿಯವನು ನನ್ನ ಹತ್ತಿ, ಪ್ಲಾಸ್ಟರನ್ನು ಹಾಗೆಯೇ ಮೇಜಿನ ಮೇಲೆ ಇಟ್ಟ. ಅವಳ ಪ್ಯಾಕೆಟನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ತೊಟ್ಟೆಗೆ ಹಾಕಿ, ಬಾಯಿ ಕಟ್ಟಿ ಕೊಟ್ಟ. ಎರಡೂ ರಕ್ತ ಹೀರುವುದಕ್ಕೇ ಇರುವ ವಸ್ತು. ಎಷ್ಟು ವರ್ಷಗಳಿಂದ ಆ ಪೇಪರಿನ ಸುತ್ತನ್ನು ನೋಡಿದ್ದೇನೆ, ಪಕ್ಕಪಕ್ಕದಲ್ಲಿ ನೋಡಿದ್ದು ಅವತ್ತೇ. ಗೆಳತಿಗೆ "ನಿನಗೆ ಆಗಿದೆಯಾ?" ಎಂದು ಕೇಳಿದೆ.

"ನಿನ್ನೆ ಬೆಳಿಗ್ಗೆ" ಎಂದಳು.

ನಿನ್ನೆ ಬೆಳಿಗ್ಗೆ. ಅಂದರೆ ರೈಲಿನಲ್ಲಿ, ಜೀಪಿನಲ್ಲಿ, ಗುಡ್ಡ ಹತ್ತುವಾಗ, ಕಾಡಿನೊಳಗೆ ನಿಂತ ಆ ಮೂರು ಕಡೆಯಲ್ಲಿ. ಮುಂದಿನ ವಾರ ಆಗದಾ ಎಂದು ಕೇಳಿದ್ದು ಅದಕ್ಕೆ. ಕಪ್ಪು ಪ್ಯಾಂಟು ಅದಕ್ಕೆ. ಮತ್ತು ನಾನು ಬಸ್ಸಿನಲ್ಲಿ "ಬೇರೆ ಏನೂ ಅಲ್ಲ" ಎಂದು ಕೂಗಿದಾಗ, ಆ ಬೇರೆಯದ್ದು ಇದ್ದವಳು ನನ್ನ ಬೆನ್ನಿಗೆ ಅಡ್ಡ ನಿಂತಿದ್ದಳು.

ಆಟೋದಲ್ಲಿ ಇಬ್ಬರೂ ಮಾತಾಡಲಿಲ್ಲ.

ದೊಡ್ಡಮ್ಮನ ಮನೆಯ ದಾರಂದಕ್ಕೆ ಮಾವಿನೆಲೆ, ಹಲಸಿನೆಲೆಯ ಜೊತೆ ಕದಿರು ಕಟ್ಟಿದ್ದರು. ಒಳಗಿನಿಂದ ಹೊಸ ಅಕ್ಕಿ ಪಾಯಸದ ಪರಿಮಳ ಅಂಗಳಕ್ಕೇ ಬರುತ್ತಿತ್ತು. ನಮ್ಮನ್ನು ಕಂಡು ದೊಡ್ಡಮ್ಮ ಕೈ ಒರೆಸುತ್ತಾ ಬಂದವರು ನನ್ನ ಕೆಸರು ಬಟ್ಟೆ, ಸೊಂಟದ ತೋರ್ತು, ಅದಕ್ಕೆ ತಾಗಿದ ಕಲೆ ನೋಡಿ ಮೆಟ್ಟಿಲಲ್ಲೇ ನಿಂತರು. ಕೇಳಲಿಲ್ಲ, ಆದರೆ ಅವರ ಕಣ್ಣಿನಲ್ಲಿದ್ದ ಪ್ರಶ್ನೆ ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ಪ್ರಶ್ನೆ. ನನ್ನ ಅಜ್ಜಿಯ ಮನೆಯಲ್ಲಿ ಅತ್ತೆಯಂದಿರು ಮೂರು ದಿನ ಹೊರಗೆ ಕೂರುತ್ತಿದ್ದರು. ಯಾಕೆ ಎಂದು ಕೇಳಿದರೆ "ಕಾಗೆ ಮುಟ್ಟಿತು" ಎನ್ನುತ್ತಿದ್ದರು. ಎಷ್ಟೋ ದಿನ ನಾನು ಕಾಗೆಗೆ ಹೆದರಿ ಅಂಗಳಕ್ಕೆ ಇಳಿದವಳಲ್ಲ.

"ಉಂಬುಳ ಕಚ್ಚಿದ್ದು ದೊಡ್ಡಮ್ಮ" ಎಂದೆ. ಬಸ್ಸಿನಲ್ಲಿ ಕಲಿತ ಪಾಠದ ಹಾಗೆ, ಮತ್ತೆ ಅದೇ ಮಾತು, ಅಷ್ಟೇ ಬೇಗ.

"ಅಯ್ಯೋ ಪಾಪ! ಹಾಗಾದ್ರೆ ಬಾ, ಒಳಗೆ ಬಾ. ಬಚ್ಚಲಲ್ಲಿ ಬಿಸಿನೀರು ಉಂಟು. ನನ್ನದೊಂದು ಸೀರೆ ಕೊಡ್ತೇನೆ" ಎಂದು ಕೈ ಹಿಡಿದು ಕರೆದರು. ನಾನು ಮೆಟ್ಟಿಲು ಹತ್ತಿದೆ. ಹಿಂದೆ ಗೆಳತಿ ಹತ್ತಲಿಲ್ಲ.

"ದೊಡ್ಡಮ್ಮ, ನಾನು ಹೊರಗೆ" ಎಂದಳು.

ದೊಡ್ಡಮ್ಮನ ಮುಖ ಇಳಿಯಿತು. ಬೈಯಲಿಲ್ಲ. "ಇವತ್ತೇ ಆಗಬೇಕಿತ್ತಾ ಮಗಾ" ಎಂದು ನಿಜವಾಗಿ ಮರುಗಿದರು. ಪಕ್ಕದ ಜಗಲಿಯಲ್ಲಿ ಕುರ್ಚಿ ಇಡಿಸಿದರು, ಫ್ಯಾನಿಲ್ಲ ಎಂದು ಬೀಸಣಿಗೆ ಕಳಿಸಿದರು. ಅವರನ್ನು ಕೆಟ್ಟವರೆಂದು ಬರೆಯಲು ನನ್ನಿಂದಾಗದು. ಊಟದ ಹೊತ್ತಿಗೆ ಎಲ್ಲರಿಗಿಂತ ಮೊದಲು ಅವಳಿಗೆ ಕುಡಿಬಾಳೆ ಎಲೆ ಹೋಯಿತು. ಎಲ್ಲ ಪದಾರ್ಥವೂ ಹೋಯಿತು, ಪಾಯಸ ಎರಡು ಸೌಟು ಹೆಚ್ಚೇ ಹೋಯಿತು. ಆದರೆ ಆ ಪಾಯಸವನ್ನು ದೊಡ್ಡಮ್ಮ ಬಡಿಸಿದ್ದು ಒಂದು ಗೇಣು ಎತ್ತರದಿಂದ, ಸೌಟು ಎಲೆಗೆ ತಾಗದ ಹಾಗೆ. ನಾನು ಒಳಗೆ ಪಂಕ್ತಿಯಲ್ಲಿ ಕೂತಿದ್ದೆ. ಕಿಟಕಿಯ ಸರಳಿನ ಆಚೆ ಅವಳ ಬೆನ್ನು ಕಾಣುತ್ತಿತ್ತು.

ನನ್ನ ತೊಡೆಯ ಗಾಯ ಆಗಲೂ ಒಸರುತ್ತಿತ್ತು. ಅದಕ್ಕೆ ಕಟ್ಟಿದ್ದು ಅವಳು ಕೊಟ್ಟ ಪ್ಯಾಡು. ದೇವರ ಕೋಣೆಯಿಂದ ನಾಲ್ಕು ಮಾರು ದೂರದಲ್ಲಿ, ರಕ್ತ ಸುರಿಸುತ್ತಾ, ಹೊಸ ಅಕ್ಕಿ ಉಣ್ಣುತ್ತಾ ಕೂತವಳು ನಾನು. ಯಾರಿಗೂ ಅಡ್ಡಿ ಇರಲಿಲ್ಲ.

ಗರ್ಭಕೋಶದ ಒಳಪದರ ಹೇಗೆ ದಪ್ಪವಾಗುತ್ತದೆ, ಬೇಡವಾದಾಗ ಹೇಗೆ ಕಳಚುತ್ತದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ತೋರಿಸುವವಳು ನಾನೇ. "ಇದರಲ್ಲಿ ಕೊಳಕು ಏನೂ ಇಲ್ಲ, ನಾಚಿಕೊಳ್ಳಲಿಕ್ಕೆ ಏನೂ ಇಲ್ಲ" ಎಂದು ತಲೆ ತಗ್ಗಿಸಿದ ಹುಡುಗಿಯರಿಗೆ ಹೇಳುವವಳು ನಾನೇ. 2018ರ ಸೆಪ್ಟೆಂಬರ್ 28ರಂದು ಶಬರಿಮಲೆಯ ತೀರ್ಪು ಬಂದ ಮೇಲೆ, 2019ರ ಜನವರಿ 1ರಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ ಸುಮಾರು 620 ಕಿಲೋಮೀಟರ್ ಉದ್ದಕ್ಕೆ ಹೆಂಗಸರು ಹೆದ್ದಾರಿಯಲ್ಲಿ ಗೋಡೆಯಾಗಿ ನಿಂತಾಗ, ಆ ಸಾಲಿನ ಈ ತುದಿಯಲ್ಲಿ, ಕಾಸರಗೋಡು ಪೇಟೆಯಲ್ಲಿ ನಾನೂ ನಿಂತಿದ್ದೆ. ಸಾವಿರಾರು ಜನರ ನಡುವೆ ಕೈ ಮುಂದೆ ಚಾಚಿ ನಿಲ್ಲುವುದು ನನಗೆ ಕಷ್ಟವಾಗಿರಲಿಲ್ಲ. ಐವತ್ತು ಜನರ ಬಸ್ಸಿನಲ್ಲಿ ಬಟ್ಟೆಗೆ ತಾಗಿದ ಒಂದು ಕಲೆಯೊಂದಿಗೆ, ಏನೂ ಹೇಳದೆ ಸುಮ್ಮನೆ ನಿಲ್ಲಲು ಆಗಲಿಲ್ಲ.

ಎಲೆ ಎತ್ತಿಕೊಂಡು ಹೋಗಿ ಅವಳ ಪಕ್ಕ ಜಗಲಿಯಲ್ಲಿ ಕೂರಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ಹಾಗೆ ಮಾಡಿದೆ ಎಂದು ಬರೆಯುವ ಆಸೆ ಈಗ ಆಗುತ್ತಿದೆ, ಆದರೆ ನಾನು ಕೂತಲ್ಲಿಂದ ಏಳಲಿಲ್ಲ. ಪಾಯಸ ಎರಡನೇ ಸಲ ಬಂದಾಗ ಹಾಕಿಸಿಕೊಂಡೆ.

ಸಂಜೆ ಕಾಞಂಗಾಡ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಕೇಳಿದೆ, "ಹೇಳದೆ ಒಳಗೆ ಬರಬಹುದಿತ್ತಲ್ಲ? ಯಾರಿಗೆ ಗೊತ್ತಾಗುತ್ತಿತ್ತು?"

"ಹಾಗೆಯೇ ಮಾಡುವ ಅಂತಿದ್ದೆ" ಎಂದಳು. "ಮಂಗಳೂರಿನಲ್ಲಿ ನಾನು ಇದನ್ನೆಲ್ಲ ಮಾಡುವುದಿಲ್ಲ, ನಿನಗೆ ಗೊತ್ತಲ್ಲ. ದೊಡ್ಡಮ್ಮನಿಗೆ ಬೇಸರ ಬೇಡ ಅಂತ ಸುಮ್ಮನೆ ಬಂದು, ಉಂಡು, ಹೋಗುವುದು ಅಂತ. ಆದ್ರೆ ಬಸ್ಸಿನಲ್ಲಿ ನೀನು ಅಷ್ಟು ಗಟ್ಟಿಯಾಗಿ 'ಅದಲ್ಲ, ಅದಲ್ಲ' ಅಂತ ಹೇಳಿದ ಮೇಲೆ ನನಗೆ ಎಂತದೋ ಕದ್ದು ಇಟ್ಟುಕೊಂಡ ಹಾಗೆ ಆಯ್ತು. ಮೆಟ್ಟಿಲ ಹತ್ತಿರ ನೀನು ಮತ್ತೆ ಅದನ್ನೇ ಹೇಳಿದೆ. ಆಗ ಹೇಳಿಬಿಡುವಾ ಅನ್ನಿಸಿತು."

ಸಿಟ್ಟಿನಿಂದ ಹೇಳಲಿಲ್ಲ. ಅವಳು ಹಳಿಯ ಕಡೆ ನೋಡುತ್ತಾ ಹೇಳಿದಳು. ನನಗೆ ಕ್ಷಮೆ ಕೇಳಲು ಮಾತು ಹೊರಡಲಿಲ್ಲ, ಅವಳ ಬ್ಯಾಗನ್ನು ಎತ್ತಿ ನನ್ನ ಹೆಗಲಿಗೆ ಹಾಕಿಕೊಂಡೆ. "ಆ ಅಮ್ಮ ಹೇಳಿದ್ದು ಕೇಳಿದೆಯಲ್ಲ?" ಎಂದು ಅವಳೇ ಕೇಳಿದಳು. ಕೇಳಿದೆ ಎಂದೆ. "ನನಗೆ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತ್ತು" ಎಂದಳು.

ಗಾಯದ ತುರಿಕೆ ಹತ್ತು ದಿನ ಇತ್ತು. ಚೂಡಿದಾರದ ಕಲೆ ಹೋಯಿತು, ತೋರ್ತಿನದ್ದು ಹೋಗಲಿಲ್ಲ. ತಣ್ಣೀರಲ್ಲಿ ನೆನೆಸಿ, ಉಪ್ಪು ಹಾಕಿ ತಿಕ್ಕಿದರೂ ಅಂಚಿನಲ್ಲಿ ಕಂದು ಬಣ್ಣ ಉಳಿದಿದೆ. ಮಡಚಿ ಶಾಲೆಯ ಬೀರುವಿನಲ್ಲಿ ಇಟ್ಟಿದ್ದೇನೆ, ಅದರ ಜೊತೆ ಎರಡು ಪ್ಯಾಕೆಟ್ ಪ್ಯಾಡ್, ಪೇಪರ್ ಸುತ್ತದೆ. ಕಳೆದ ತಿಂಗಳು ಒಂಬತ್ತನೆಯ ಹುಡುಗಿಯೊಬ್ಬಳು ಬೆಂಚಿನಿಂದ ಏಳದೆ ಕೂತಿದ್ದಾಗ ಅದೇ ತೋರ್ತನ್ನು ಅವಳ ಸೊಂಟಕ್ಕೆ ಸುತ್ತಿದೆ. "ಶಾಯಿ ಚೆಲ್ಲಿತು ಅಂತ ಹೇಳಲಾ ಟೀಚರ್?" ಎಂದು ಕೇಳಿದಳು. ಬೇಡ ಎಂದೆ. ಇಬ್ಬರೂ ಒಟ್ಟಿಗೇ ವರಾಂಡ ದಾಟಿ ಹೋದೆವು.

ಡಿಸೆಂಬರಿನಲ್ಲಿ ಪೊಸಡಿಗುಂಪೆ ಗುಡ್ಡಕ್ಕೆ ಹೋಗುವುದು ಎಂದು ಗೆಳತಿಯೂ ನಾನೂ ಮಾತಾಡಿಕೊಂಡೆವು. ತಾರೀಕು ಇಡುವಾಗ ಅವಳು ಫೋನಿನಲ್ಲಿ, "ಆ ಶನಿವಾರ ನನಗೆ ಎರಡನೇ ದಿನ ಇರಬಹುದು" ಎಂದಳು.

"ಹತ್ತಲಿಕ್ಕೆ ಕಷ್ಟ ಆಗ್ತದಾ? ಬೇರೆ ದಿನ ನೋಡುವಾ?"

"ಬೇಡ. ನೀರಿನ ಬಾಟಲಿ ಎಲ್ಲ ನೀನು ಹಿಡಿದುಕೋ. ಮತ್ತೆ ನಾನು ನಿಂತಲ್ಲಿ ನಿಲ್ಲು."

ಆಯ್ತು ಎಂದೆ.